ಭಾವನ ಹೆಸರು ಅಳಿಸಿದ ಮಧ್ಯಾಹ್ನ

ದೆವ್ವ, ಗಾಳಿ, ಸೋಂಕು ಎಂಬ ಮಾತುಗಳನ್ನು ನಾನು ನಂಬುತ್ತಿರಲಿಲ್ಲ. ಸುಮ್ಮನೆ ನಂಬದೆ ಇದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ, ಆದರೆ ನಂಬುವವರನ್ನು ಕೆಣಕದೆ ಬಿಡುತ್ತಿರಲಿಲ್ಲ. ರಾಣೆಬೆನ್ನೂರಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ ಮಾಡಿಸಲು ಬಂದವರು ಇವತ್ತು ಅಮಾವಾಸ್ಯೆ, ಪ್ರಿಂಟು ಹಾಕಬೇಡಿ ಎಂದರೆ ನಮ್ಮ ಮಷೀನಿಗೆ ಪಂಚಾಂಗ ಓದಲು ಬರುವುದಿಲ್ಲ ಎನ್ನುತ್ತಿದ್ದೆ. ಕದರಮಂಡಲಗಿಯ ಹನುಮಪ್ಪನಿಗೆ ಹರಕೆ ಹೊತ್ತಿದ್ದಕ್ಕೆ ಕಳೆದ ಫೋನು ಸಿಕ್ಕಿತು ಎಂದ ಗೆಳೆಯನಿಗೆ, ಫೋನು ನಿನ್ನ ಸೋಫಾದ ಸಂದಿಯಲ್ಲೇ ಇತ್ತಲ್ಲ, ಹನುಮಪ್ಪ ನಿಮ್ಮ ಮನೆಗೆ ಬಂದು ಕೂತಿದ್ದನೇನು ಎಂದು ಕೇಳಿ ಒಂದು ತಿಂಗಳು ಅವನ ಮಾತು ಕಳೆದುಕೊಂಡಿದ್ದೆ.

ಅಂಥವನ ಕೈಯಲ್ಲೇ, ಹಾಡಹಗಲಲ್ಲಿ, ನಾಲ್ಕು ಜನರ ಎದುರು ಇದು ನಡೆಯಿತು. ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ನಂಬಿದರೆ ನಂಬಿ, ಬಿಟ್ಟರೆ ಬಿಡಿ. ನನ್ನ ಜಾಗದಲ್ಲಿ ನೀವಿದ್ದು ಇದನ್ನು ಹೇಳಿದ್ದರೆ ನಾನಂತೂ ನಂಬುತ್ತಿರಲಿಲ್ಲ.

ನನ್ನ ಅಕ್ಕನನ್ನು ಬ್ಯಾಡಗಿಗೆ ಕೊಟ್ಟಿದೆ. ಭಾವ ಗುರುಬಸಪ್ಪನವರದು ಮೆಣಸಿನಕಾಯಿ ದಲಾಲಿ ಅಂಗಡಿ. ಒಂದು ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ಚೀಲಗಳ ನಡುವೆ ನಿಂತಿದ್ದವರು ಎದೆ ಹಿಡಿದುಕೊಂಡು ಕೂತರು, ಮತ್ತೆ ಏಳಲಿಲ್ಲ. ನಾನು ಹೇಳುತ್ತಿರುವ ದಿನಕ್ಕೆ ಅವರು ಹೋಗಿ ಇನ್ನೂ ವರ್ಷ ತುಂಬಿರಲಿಲ್ಲ. ಆ ಹಳೆಯ ಮನೆಯಲ್ಲಿ ಅಕ್ಕ ಮತ್ತು ಅಕ್ಕನ ಅತ್ತೆ ಇದ್ದರು. ಅಕ್ಕನ ಮಗಳು ಶೋಭಾ ಚೊಚ್ಚಲ ಬಾಣಂತನಕ್ಕೆ ಬಂದಿದ್ದಳು.

ಮನೆಗೆ ಇಂಟರ್ನೆಟ್ ಹಾಕಿಸಿದ್ದು ಭಾವ. ಆ ವೈಫೈ ಡಬ್ಬಿಯ ಮೇಲೆ ಅವರಿಗೆ ಎತ್ತಿನ ಮೇಲೆ ಇರುವಷ್ಟು ಅಕ್ಕರೆ. ಯಾರ ಸಹಾಯವೂ ಇಲ್ಲದೆ, ಒಂದು ಇಡೀ ಭಾನುವಾರ ಕೂತು, ಇಂಗ್ಲಿಷ್ ಅಕ್ಷರಗಳಲ್ಲಿ ತಮ್ಮದೇ ಹೆಸರನ್ನು ಅದಕ್ಕೆ ಕೊಟ್ಟಿದ್ದರು. ಯಾರ ಫೋನಿನಲ್ಲಿ ವೈಫೈ ಹುಡುಕಿದರೂ ಗುರುಬಸಪ್ಪ ಎಂದೇ ಬರುತ್ತಿತ್ತು. ಪಾಸ್‌ವರ್ಡನ್ನು ಮಾತ್ರ ಯಾರಿಗೂ ಹೇಳಲಿಲ್ಲ, ಎಲ್ಲರ ಫೋನಿಗೂ ತಾವೇ ಹಾಕಿಕೊಟ್ಟರು. ಹೋಗುವಾಗ ಅದನ್ನೂ ತೆಗೆದುಕೊಂಡು ಹೋದರು.

ನಮ್ಮ ಕಡೆ ಹಳೆಯ ಹೆಣ್ಣುಮಕ್ಕಳು ಗಂಡನ ಹೆಸರು ಹೇಳುವುದಿಲ್ಲ. ಮದುವೆ ಮುಂಜಿಗಳಲ್ಲಿ ಎಲ್ಲರೂ ಸೇರಿ ಕಾಡಿದರೆ ಒಡಪಿನ ಪದ್ಯದೊಳಗೆ ಸೇರಿಸಿ ಒಂದು ಸಲ ಹೇಳಿಯಾರು, ಅಷ್ಟೇ. ಆಸ್ಪತ್ರೆಯಲ್ಲಿ ಕೇಳಿದರೂ ಅಕ್ಕ ಪಕ್ಕದಲ್ಲಿದ್ದ ಮಗಳನ್ನು ತಿವಿಯುತ್ತಿದ್ದಳು. ಭಾವನೂ ಅಷ್ಟೇ, ಅಕ್ಕನನ್ನು ಒಮ್ಮೆಯೂ ಹೆಸರು ಹಿಡಿದು ಕರೆದವರಲ್ಲ. ‘ಏ, ಇಲ್ಲಿ ನೋಡಿಲ್ಲಿ’ ಎಂದರೆ ಅದು ಅಕ್ಕನಿಗೆ ಎಂದು ಮನೆಯ ಬೆಕ್ಕಿಗೂ ಗೊತ್ತಿತ್ತು. ಭಾವ ಹೋದ ಮೇಲೆ ಅಕ್ಕ ಸಂಜೆ ದೀಪ ಹಚ್ಚಿ, ಜಗಲಿಯ ಬಾಗಿಲ ಬಳಿ ಕೂತು, ಫೋನಿನಲ್ಲಿ ವೈಫೈಗಳ ಪಟ್ಟಿ ತೆಗೆದು ನೋಡುತ್ತಾಳೆ ಎಂದು ಶೋಭಾ ನನಗೆ ಹೇಳಿದ್ದಳು. ಬಾಯಿಂದ ಹೇಳಲಾಗದ ಹೆಸರನ್ನು ಕಣ್ಣಿಂದ ಓದುತ್ತಿದ್ದಳು.

ಆ ದಿನದ ಹಿಂದಿನ ಸಂಜೆ ಗುಡುಗು ಸಿಡಿಲು ಜೋರಾಗಿತ್ತು. ಬೆಳಿಗ್ಗೆ ನೋಡಿದರೆ ಡಬ್ಬಿಯಲ್ಲಿ ಕೆಂಪು ದೀಪ. ಹೆಸರು ತೋರಿಸುತ್ತದೆ, ನೆಟ್ ಬರುವುದಿಲ್ಲ. ಬೇರೆ ದಿನವಾಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಶೋಭಾಳ ಗಂಡ ಮಿಲಿಟರಿಯಲ್ಲಿದ್ದಾನೆ. ಅಂದು ಮಧ್ಯಾಹ್ನ ಅವನು ಗುಡ್ಡದ ಮೇಲಿನ ಠಾಣೆಗೆ ಹೊರಡುವವನಿದ್ದ. ಅಲ್ಲಿಂದ ಮತ್ತೆ ಯಾವಾಗ ಮಾತು ಎಂದು ಅವನಿಗೇ ಗೊತ್ತಿರಲಿಲ್ಲ. ಹೊರಡುವ ಮುಂಚೆ ವಿಡಿಯೊ ಕಾಲ್ ಮಾಡುತ್ತೇನೆ, ಕೂಸಿನ ಮುಖ ತೋರಿಸು ಎಂದಿದ್ದ. ಆ ಮನೆಯ ದಪ್ಪ ಗೋಡೆಗಳೊಳಗೆ ಮೊಬೈಲಿನ ಸಿಗ್ನಲ್ ಇಣುಕಿಯೂ ನೋಡುವುದಿಲ್ಲ. ಅಂಗಳಕ್ಕೆ ಹೋದರೆ ಸಿಗುತ್ತದೆ ನಿಜ, ಆದರೆ ಹಸಿ ಬಾಣಂತಿಯಾಗಲಿ ಕೂಸಾಗಲಿ ಹೊಸ್ತಿಲು ದಾಟುವುದನ್ನು ಅಕ್ಕನ ಅತ್ತೆ ಬದುಕಿರುವತನಕ ಒಪ್ಪುವವರಲ್ಲ. ಹೀಗಾಗಿ ನನಗೆ ಫೋನು ಬಂತು. ಅಂಗಡಿಯ ಬಾಗಿಲೆಳೆದು ಸಿಕ್ಕ ಬಸ್ಸು ಹತ್ತಿದೆ.

ಮಾಡಬಹುದಾದ್ದನ್ನೆಲ್ಲ ಮಾಡಿದೆ. ವೈರು ಕಿತ್ತು ಹಾಕಿದೆ, ಆರಿಸಿ ಹಚ್ಚಿದೆ. ಕಡೆಗೆ ಅಂಗಳಕ್ಕೆ ಹೋಗಿ ಇಂಟರ್ನೆಟ್ಟಿನವರಿಗೆ ಫೋನು ಮಾಡಿದೆ. ಡಬ್ಬಿಯ ಹಿಂದೆ ಒಂದು ಸಣ್ಣ ತೂತಿದೆ, ಅದರೊಳಗೆ ಪಿನ್ನು ಒತ್ತಿ ಹಿಡಿಯಿರಿ, ಫ್ಯಾಕ್ಟರಿಯಿಂದ ಬಂದಾಗ ಹೇಗಿತ್ತೋ ಹಾಗಾಗುತ್ತದೆ, ಲೈನನ್ನು ನಾವು ಇಲ್ಲಿಂದಲೇ ಸರಿಮಾಡುತ್ತೇವೆ ಎಂದರು. ಹಾಗಾದರೆ ಈಗಿರುವ ಹೆಸರು ಏನಾಗುತ್ತದೆ ಎಂದು ಕೇಳಿದೆ. ನೀವು ಇಟ್ಟ ಹೆಸರು, ಪಾಸ್‌ವರ್ಡು ಎಲ್ಲ ಅಳಿಸಿಹೋಗುತ್ತದೆ, ಡಬ್ಬಿಯ ಕೆಳಗಿನ ಸ್ಟಿಕ್ಕರ್‌ನಲ್ಲಿರುವ ಹೆಸರು ಬರುತ್ತದೆ ಎಂದರು.

ಅಕ್ಕನಿಗೆ ಹೇಳದೆ ಒತ್ತಿಬಿಡಬಹುದಿತ್ತು. ಹೇಳಿದೆ. ಅವಳ ಮುಖ ಇಳಿದುಹೋಯಿತು.

“ಬ್ಯಾರೆ ಏನರ ಮಾಡೋ ತಮ್ಮಾ. ಅದನ್ನ ಅಳಸಬ್ಯಾಡ.”

ಐದು ನಿಮಿಷದ ಕೆಲಸ, ಅದೇ ಹೆಸರನ್ನು ನಾನೇ ಮತ್ತೆ ಹಾಕಿಕೊಡುತ್ತೇನೆ ಎಂದು ಸಮಾಧಾನ ಮಾಡಿದೆ.

“ನೀ ಹಾಕಿದ್ರ ಅದು ನೀ ಬರದದ್ದ ಆಕ್ಕತಿ. ಅವರು ಬರದದ್ದು ಆಕ್ಕತೇನು?”

ಒಳಗೆ ಕೂಸು ಅಳತೊಡಗಿತು. ಶೋಭಾ ತಲೆಗೆ ಸ್ಕಾರ್ಫ್ ಕಟ್ಟಿಕೊಂಡು ಬಾಣಂತಿ ಕೋಣೆಯ ಬಾಗಿಲಲ್ಲಿ ನಿಂತು ಒಮ್ಮೆ ತಾಯಿಯನ್ನು, ಒಮ್ಮೆ ಗಡಿಯಾರವನ್ನು ನೋಡುತ್ತಿದ್ದಳು. ಅಕ್ಕ ಮಗಳ ಮುಖ ನೋಡಿ, ಫೋನು ಕೈಯಲ್ಲಿ ಹಿಡಿದುಕೊಂಡು ನನ್ನ ಎದುರೇ ನೆಲದ ಮೇಲೆ ಕೂತಳು. “ಮಾಡು” ಎಂದಳು.

ಡಬ್ಬಿಯನ್ನು ತಿರುಗಿಸಿದರೆ ಮೆಣಸಿನಕಾಯಿಯ ಘಾಟಿಗೆ ನಾಲ್ಕು ಸೀನು ಬಂತು. ಬ್ಯಾಡಗಿಯಲ್ಲಿ ದೇವರ ಕೋಣೆಯನ್ನೂ ಆ ಧೂಳು ಬಿಡುವುದಿಲ್ಲ. ಸಾಲದ್ದಕ್ಕೆ, ಭಾವ ಇದ್ದಾಗಿನ ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಅಕ್ಕ ತಕ್ಕಡಿ, ತಿಜೋರಿಗಳ ಜೊತೆ ಈ ಡಬ್ಬಿಗೂ ವಿಭೂತಿ ಬಳಿದು ಕುಂಕುಮ ಹಚ್ಚಿದ್ದಳು. ಹಚ್ಚುವುದು ಹಚ್ಚಿದಳು, ಸರಿಯಾಗಿ ಆ ರೀಸೆಟ್ ತೂತಿನ ಮೇಲೇ ಹಚ್ಚಿದ್ದಳು. ತೂತು ಕುಂಕುಮ ತುಂಬಿ ಗಟ್ಟಿಯಾಗಿತ್ತು. ಶೋಭಾ ಬಳೆಗೆ ಸಿಗಿಸಿಕೊಂಡಿದ್ದ ಪಿನ್ನು ಬಿಚ್ಚಿಕೊಟ್ಟಳು. ಕುಂಕುಮವನ್ನು ಕೆರೆದು ತೆಗೆದು, ಕೆಳಗಿನ ಸ್ಟಿಕ್ಕರಿನ ಫೋಟೊ ಹೊಡೆದುಕೊಂಡೆ. ಅಕ್ಷರ ಅಂಕಿ ಕಲಸಿದ ಒಂದು ಅರ್ಥವಿಲ್ಲದ ಹೆಸರು. ಆ ಫೋಟೊ ಈಗಲೂ ನನ್ನ ಫೋನಿನಲ್ಲಿದೆ.

ಒತ್ತಿ ಹಿಡಿದೆ. ದೀಪಗಳೆಲ್ಲ ಒಮ್ಮೆಲೇ ಆರಿದವು. ಅಕ್ಕನ ಫೋನಿನ ಪಟ್ಟಿಯಿಂದ ಗುರುಬಸಪ್ಪ ಮಾಯವಾಯಿತು.

“ಹೋತು” ಎಂದಳು ಅಕ್ಕ. ಅಷ್ಟೇ. ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು ಅನಿಸಿತು ನನಗೆ.

ಸ್ವಲ್ಪ ಹೊತ್ತಿಗೆ ದೀಪಗಳು ಒಂದೊಂದಾಗಿ ಹತ್ತಿಕೊಂಡವು, ಕೊನೆಗೆ ಹಸಿರು ದೀಪವೂ ಬಂತು. ಸ್ಟಿಕ್ಕರಿನ ಹೆಸರನ್ನು ಆರಿಸಲು ಅಕ್ಕನ ಕೈಯಿಂದ ಫೋನು ತೆಗೆದುಕೊಂಡೆ. ಪಟ್ಟಿಯಲ್ಲಿ ಅದು ಇರಲಿಲ್ಲ. ಅದರ ಜಾಗದಲ್ಲಿ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ‘ನೀಲವ್ವ’ ಎಂದಿತ್ತು. ನಾನು ನೋಡುತ್ತಿದ್ದ ಹಾಗೆಯೇ, ಪಾಸ್‌ವರ್ಡನ್ನು ಕೇಳದೆ, ಅಕ್ಕನ ಫೋನು ತಾನಾಗಿ ಅದಕ್ಕೆ ಸೇರಿಕೊಂಡಿತು.

ನನ್ನ ಕೈಯಿಂದ ಪಿನ್ನು ಜಾರಿ ಬಿತ್ತು. ಆ ಹೆಸರನ್ನು ಅಕ್ಷರ ಅಕ್ಷರವಾಗಿ ಮತ್ತೆ ಓದಿದೆ.

ನನಗೆ ಯಾಕೆ ಹಾಗಾಯಿತು ಎಂದು ನಿಮಗೆ ಹೇಳಬೇಕು. ನೀಲವ್ವ ಎಂಬುದು ನನ್ನ ಅಕ್ಕನ ಹೆಸರು. ಅವಳ ತವರು ಗುತ್ತಲದಲ್ಲಿ ನಮ್ಮ ಅಪ್ಪ ಅವ್ವ ಇಟ್ಟ ಹೆಸರು. ಮದುವೆಯ ದಿನ ಅವಳ ಅತ್ತೆ, ನೀಲವ್ವ ಅಂದರೆ ಬಹಳ ಹಳೇದಾಯಿತು ಎಂದು, ನಮ್ಮ ಕಡೆಯ ಪದ್ಧತಿಯಂತೆ ಅವಳ ಹೆಸರು ಬದಲಿಸಿದರು. ತಾಟಿನಲ್ಲಿ ಅಕ್ಕಿ ಹರವಿ ಉಂಗುರದಿಂದ ಸುಮಂಗಲಾ ಎಂದು ಬರೆಸಿದರು. ಆವತ್ತಿನಿಂದ ಅವಳು ಎಲ್ಲರಿಗೂ ಸುಮಂಗಲಾ. ಅವಳ ಆಧಾರ್ ಕಾರ್ಡಿನಲ್ಲೂ ಸುಮಂಗಲಾ. ಅಪ್ಪ ಅವ್ವ ಹೋಗಿ ಎಷ್ಟೋ ವರ್ಷಗಳಾದವು. ನಾನು ಹುಟ್ಟಿದಾಗಿನಿಂದ ಅಕ್ಕ ಎಂದೇ ಕರೆದವನು. ಆ ಹೆಸರು ನನಗೇ ಮರೆತ ಹಾಗಾಗಿತ್ತು. ಶೋಭಾಳಿಗಂತೂ ತಾಯಿಗೆ ಇನ್ನೊಂದು ಹೆಸರಿತ್ತು ಎಂಬುದೇ ಗೊತ್ತಿರಲಿಲ್ಲ.

ಪಕ್ಕದ ಮನೆಯವರ ವೈಫೈ ಇದ್ದೀತು ಎಂದು ಬುದ್ಧಿ ಹೇಳಿತು. ಡಬ್ಬಿಯ ವೈರು ಕಿತ್ತೆ. ಹೆಸರು ಹೋಯಿತು. ಚುಚ್ಚಿದೆ, ನೀಲವ್ವ ಬಂದಳು. ಮತ್ತೆ ಕಿತ್ತೆ, ಮತ್ತೆ ಚುಚ್ಚಿದೆ. ನನ್ನ ಫೋನಿನಲ್ಲೂ ಅದೇ ಹೆಸರು ಕಂಡಿತು, ಆದರೆ ಅದು ಪಾಸ್‌ವರ್ಡು ಕೇಳಿತು. ಸ್ಟಿಕ್ಕರಿನಲ್ಲಿದ್ದದ್ದನ್ನು ಹಾಕಿದೆ, ತಪ್ಪು ಎಂದಿತು. ಅಕ್ಕನ ಫೋನೊಂದನ್ನೇ ಅದು ಒಳಗೆ ಬಿಟ್ಟುಕೊಂಡಿತ್ತು.

ನನ್ನ ಮುಖ ಕಂಡು ಶೋಭಾ ಗಾಬರಿಯಿಂದ ಹತ್ತಿರ ಬಂದು ಫೋನಿನಲ್ಲಿದ್ದುದನ್ನು ಗಟ್ಟಿಯಾಗಿ ಓದಿದಳು. ಮೂಲೆಯ ಮಂಚದಲ್ಲಿ ಕೂತಿದ್ದ ಅಕ್ಕನ ಅತ್ತೆ ಕಿವಿ ನಿಮಿರಿಸಿದರು.

“ನೀಲವ್ವನಾ? ಯಾರವಾ ಆಕಿ?”

“ನಾನರಿ ಅತ್ತಿ” ಎಂದಳು ಅಕ್ಕ.

ಮುದುಕಿ ಸೊಸೆಯ ಮುಖ ನೋಡಿದರು. ತಾವೇ ತೆಗೆದುಹಾಕಿದ ಹೆಸರು ಅವರಿಗೆ ನೆನಪೇ ಇರಲಿಲ್ಲ. ನೆನಪಾದದ್ದು ಕಣ್ಣಲ್ಲಿ ಕಂಡಿತು. ಸೆರಗಿನಿಂದ ಬಾಯಿ ಮುಚ್ಚಿಕೊಂಡು “ಶಿವಾ” ಎಂದರು, ಗೋಡೆಯ ಕಡೆ ಮುಖ ಮಾಡಿ ಕೂತರು.

ಅಷ್ಟರಲ್ಲಿ ಅಕ್ಕನ ಫೋನು ರಿಂಗಾಯಿತು. ಶೋಭಾಳ ಫೋನು ಸಿಗದೆ ಅವಳ ಗಂಡ ಇದಕ್ಕೆ ವಿಡಿಯೊ ಕಾಲ್ ಮಾಡಿದ್ದ. ದಪ್ಪ ಕೋಟು ಹಾಕಿಕೊಂಡು ನಿಂತಿದ್ದ. ಕೂಸು ಕಣ್ಣು ಬಿಟ್ಟಿತು, ಆಕಳಿಸಿತು, ಅವನು ಅತ್ತ, ಶೋಭಾ ಅತ್ತಳು. ಚಿತ್ರ ಒಂದು ಸಲವೂ ಕಡಿಯಲಿಲ್ಲ. ಅವನಿಗೆ ನಾವು ಯಾರೂ ಏನೂ ಹೇಳಲಿಲ್ಲ.

ಕಾಲ್ ಮುಗಿದ ಮೇಲೆ ನನಗೆ ತಡೆಯಲಾಗಲಿಲ್ಲ. ಇನ್ನೊಂದು ಸಲ ರೀಸೆಟ್ ಮಾಡಿದರೆ ಗೊತ್ತಾಗಿಬಿಡುತ್ತದಲ್ಲ ಎಂದು ನೆಲದಲ್ಲಿ ಬಿದ್ದಿದ್ದ ಪಿನ್ನು ಹೆಕ್ಕಿದೆ. ಅಕ್ಕ ಡಬ್ಬಿಯ ಮೇಲೆ ಅಂಗೈ ಊರಿದಳು.

“ಬ್ಯಾಡ. ಕರದದ್ದು ಕೇಳಿಸೇತಿ ನನಗ.”

ಅವಳ ಮುಖದಲ್ಲಿ ಆಶ್ಚರ್ಯವಿರಲಿಲ್ಲ. ಆ ಮನೆಯಲ್ಲಿ ಅಂದು ಬೆಚ್ಚಿಬಿದ್ದವರು ನಾವು ಉಳಿದವರು. ಅಕ್ಕ ಎದ್ದು ಹೋಗಿ ಒಲೆಯ ಮೇಲೆ ಚಹಾಕ್ಕೆ ಇಟ್ಟಳು.

ಆಮೇಲೆ ನಾನು ಸುಮ್ಮನೆ ಕೂರಲಿಲ್ಲ. ಇಂಟರ್ನೆಟ್ಟಿನವರನ್ನು ಮತ್ತೆ ಮತ್ತೆ ಕೇಳಿದೆ. ಲೈನು ಸರಿಮಾಡಿದ್ದಷ್ಟೇ ನಮ್ಮ ಕೆಲಸ, ಮನೆಯವರು ಇಡುವ ಹೆಸರು ನಮಗೆ ಕಾಣುವುದೂ ಇಲ್ಲ ಎಂದರು. ಭಾವ ಮೊದಲು ಆ ಹೆಸರು ಇಟ್ಟು ನಂತರ ಬದಲಿಸಿದ್ದರೆ ಎಂದೆ. ಇಟ್ಟಿದ್ದರೂ ಪಿನ್ನು ಒತ್ತಿದ ಮೇಲೆ ಉಳಿಯುವುದಿಲ್ಲವಂತೆ. ಯಾರಾದರೂ ಬಳಸಿದ ಹಳೆಯ ಡಬ್ಬಿಯೇ ಎಂದರೆ, ಸೀಲು ಒಡೆದಾಗ ನಾನೇ ಅಲ್ಲಿದ್ದೆ. ಕಂಪ್ಯೂಟರ್ ಬಲ್ಲ ಗೆಳೆಯರು ಒಬ್ಬೊಬ್ಬರು ಒಂದೊಂದು ಹೇಳಿದರು. ಎಲ್ಲ ಕೇಳುವಾಗ ಸರಿ ಅನಿಸುತ್ತದೆ, ಆದರೆ ಇಂಗ್ಲಿಷಿನ ಅಷ್ಟೂ ಅಕ್ಷರಗಳಲ್ಲಿ ಆ ಹೆಸರೇ ಯಾಕೆ ಬರಬೇಕು ಎಂದು ಕೇಳಿದರೆ ಅವರೂ ತಲೆ ಕೆರೆದುಕೊಳ್ಳುತ್ತಾರೆ.

ಕೆಲವು ತಿಂಗಳ ನಂತರ, ಶೋಭಾ ಗಂಡನ ಮನೆಗೆ ಹೋದ ಮೇಲೆ, ಅಕ್ಕನನ್ನೇ ಕೇಳಿದೆ. ನೀಲವ್ವ ಎಂಬ ಹೆಸರು ಹೋದದ್ದಕ್ಕೆ ನಿನಗೆ ಬೇಸರವಿತ್ತು ಎಂದು ಭಾವನಿಗೆ ಯಾವಾಗಲಾದರೂ ಹೇಳಿದ್ದೆಯಾ ಎಂದು. ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ ಹೇಳಿದಳು.

“ಹೇಳಿರಲಿಲ್ಲ. ಮೊದಲನೇ ನಾಗರ ಪಂಚಮಿಗೆ ಗುತ್ತಲಕ್ಕ ಹೊಂಟಾಗ ಅವರೇ ಕೇಳಿದ್ರು, ಈ ಹೊಸಾ ಹೆಸರು ನಿನಗ ಸೇರೇತೇನು ಅಂತ. ಹೂಂ ಅಂದೆ. ಸುಳ್ಳು ಅಂತ ಅವರಿಗೆ ತಿಳೀತು. ಆಮ್ಯಾಲೆ ಒಂದು ದಿನಾನೂ ಆ ಹೆಸರಿಂದ ಕರೀಲಿಲ್ಲ ನನ್ನ. ತಾಯಿ ಎದುರು ಹಳೇ ಹೆಸರಿಂದ ಕರಿಯೂ ಧೈರ್ಯಾನೂ ಅವರಿಗಿರಲಿಲ್ಲ.”

‘ಏ, ಇಲ್ಲಿ ನೋಡಿಲ್ಲಿ’ ಎನ್ನುವುದನ್ನು ನಾವೆಲ್ಲ ಪದ್ಧತಿ ಎಂದುಕೊಂಡಿದ್ದೆವು. ನಾನು ಆ ಮಾತನ್ನು ಅಣಕಿಸಿ ನಗಿಸುತ್ತಿದ್ದೆ. ಅಂದು ಅಕ್ಕನ ಎದುರು ಕೂತು ನನಗೆ ಅಳು ಬಂತು.

ದೆವ್ವ ಉಂಟು ಎಂದು ಇವತ್ತಿಗೂ ನಾನು ಹೇಳಲಾರೆ. ಇಲ್ಲ ಎಂದು ನಾಲ್ಕು ಜನರ ನಡುವೆ ಜೋರು ಮಾಡುವುದನ್ನು ಬಿಟ್ಟಿದ್ದೇನೆ. ಬ್ಯಾಡಗಿಗೆ ಹೋದಾಗಲೆಲ್ಲ ಅಂಗಳದಲ್ಲಿ ಕಾಲಿಟ್ಟರೆ ನನ್ನ ಫೋನಿನಲ್ಲಿ ಆ ಹೆಸರು ಕಾಣಿಸುತ್ತದೆ. ಅಕ್ಕ ಹಿತ್ತಲಿಗೆ ಹೋದಾಗ ಡಬ್ಬಿಯ ಎದುರು ನಾನೊಬ್ಬನೇ ಇರುತ್ತೇನೆ. ಒಂದು ಪಿನ್ನು ಸಿಗುವುದು ಕಷ್ಟವಲ್ಲ. ಒತ್ತಿದಾಗ ಸ್ಟಿಕ್ಕರಿನ ಹೆಸರು ಬಂದರೆ ಅಕ್ಕ ತನ್ನ ಗಂಡನನ್ನು ಎರಡನೇ ಸಲ ಕಳೆದುಕೊಳ್ಳುತ್ತಾಳೆ. ನೀಲವ್ವ ಎಂದೇ ಬಂದರೆ ಏನು ಮಾಡುವುದೋ ನನಗೆ ತಿಳಿಯದು. ಎರಡಕ್ಕೂ ನನಗೆ ಧೈರ್ಯವಿಲ್ಲ.