ಹೊರಬೀಡಿನ ದಿನ ಓಬಿ ಮನೆಯಾಗೆ ಕೂತಿದ್ದೋರು

ದೇವ್ರು, ದೆವ್ವ, ಗಾಳಿ, ಮಾಟ ಇವ್ಯಾವನ್ನೂ ನಾನು ನಂಬ್ತಿರಲಿಲ್ಲ. ಇದನ್ನ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮುಂದೆ ಓದ್ತಾ ನೀವು ನನ್ನನ್ನ ಅಂಜುಬುರುಕ ಅಂತ ತಿಳ್ಕೊಬಾರದು. ಅಂಜುಬುರುಕ ಹೌದು, ಆದ್ರೆ ಹಾವಿಗೆ, ಗೂಳಿಗೆ, ನಮ್ಮವ್ವನ ಕೈಯಾಗಿನ ಮುದ್ದೆ ಕೋಲಿಗೆ ಮಾತ್ರ. ಕಣ್ಣಿಗೆ ಕಾಣದ್ದಕ್ಕೆ ಹೆದರಿದೋನಲ್ಲ.

ನಾನು ನಾಸ್ತಿಕ ಆಗಿದ್ದು ಬುದ್ಧಿ ಹೆಚ್ಚಾಗಿ ಅಲ್ಲ, ಸೋಮಾರಿತನದಿಂದ. ಸೋಮವಾರ ತಣ್ಣೀರು ಸ್ನಾನ ಮಾಡಿ ಗುಡಿಗೆ ಹೋಗು ಅಂತ ಅವ್ವ ಎಬ್ಬಿಸಿದಾಗೆಲ್ಲ, ದೇವ್ರೇ ಇಲ್ಲದಿದ್ರೆ ಎಷ್ಟು ಚೆಂದಾಗಿರ್ತಿತ್ತು ಅನ್ನಿಸ್ತಿತ್ತು. ಆಮೇಲೆ ನಮ್ಮೂರ ಸಾಲಿಗೆ ಮೇಷ್ಟ್ರು ಬಂದ್ರು. ಇಲ್ಲ ಅನ್ನೋದಕ್ಕೆ ಅವ್ರು ಕಾರಣಾನೂ ಕೊಟ್ರು. ನಂಗೆ ಅಷ್ಟು ಸಾಕಾಯ್ತು.

ನಮ್ಮೂರು ಚಳ್ಳಕೆರೆಯಿಂದ ಮೊಳಕಾಲ್ಮೂರಿಗೆ ಹೋಗೋ ದಾರ್ಯಾಗೆ, ತಳಕು ದಾಟಿ ಎರಡು ಹರದಾರಿ ಒಳಗೈತೆ. ಮೇಷ್ಟ್ರು ಮೊಳಕಾಲ್ಮೂರಿನೋರು, ಮನೆಮಾತು ತೆಲುಗು. ನನ್ನನ್ನ ‘ಅಬ್ಬಾಯಿ’, ಅಂದ್ರೆ ಹುಡುಗಾ, ಅಂತ ಕರೀತಿದ್ರು. ಹತ್ತು ಮಾತಿಗೊಂದು ಸಲ ಮೂಗಿಗೆ ನಶ್ಯ ಏರಿಸ್ತಿದ್ರು. ಇನ್ನೊಬ್ಬ ಓಬಿ, ಚಡ್ಡಿ ಹಾಕೋಕೆ ಮುಂಚಿನಿಂದ ನನ್ನ ಗೆಳೆಯ. ಕಂಬಳಿ ನೇಯೋ ಮನೆಯೋನು. ಅವನು ನೇದಿದ್ದನ್ನ ತಲೆ ಮೇಲೆ ಹೊತ್ತು ಚಳ್ಳಕೆರೆ ಸಂತೆಗೆ ಮಾರೋಕೆ ಹೋಗ್ತಿದ್ದೋನು ನಾನು. ನಾನು ಎಷ್ಟು ನಗಿಸಿದ್ರೂ ಓಬಿ ನಗ್ತಿರಲಿಲ್ಲ. ಜನ್ಮದಾಗೆ ಒಂದು ಸಲ ನಕ್ಕಿದ್ದ, ಅದೂ ನಾನು ಬಾವಿಗೆ ಬಿದ್ದಾಗ.

ನಾವು ಮೂವರು ದಿನಾ ಸಂಜೆ ಓಬಿ ಮಗ್ಗದ ಮನೆಯಾಗೆ ಸೇರ್ತಿದ್ವಿ. ಓಬಿ ನೂಲಿಗೆ ಹುಣಸೆ ಬೀಜದ ಗಂಜಿ ಬಳೀತಾ ಇರ್ತಿದ್ದ. ಆ ವಾಸನೆಯಾಗೇ ನಮ್ಮ ವಾದ ನಡೀತಿತ್ತು. ಇದಕ್ಕೆ ‘ಇಲ್ಲ ಸಂಘ’ ಅಂತ ನಾನೇ ಹೆಸರಿಟ್ಟಿದ್ದೆ. ಓಬಿ ಅವ್ವ ಒಲೆ ಮುಂದೆ ಕೂತು ನಮ್ಮ ಮಾತಿಗೆ ಬಾಯಿ ಹಾಕೋಳು.

“ದೇವ್ರಿಲ್ಲ ಅಂದ್ರೆ ಮಳೆ ಯಾರು ಕಳಿಸ್ತಾರ್ರಿ ಮೇಷ್ಟ್ರೇ?”

“ಅವನೇ ಕಳಿಸೋದಾದ್ರೆ ನಮ್ಮೂರಿಗೆ ಯಾಕೆ ಕಳಿಸಲ್ಲ, ಕೇಳಮ್ಮಾ.”

“ನಿಮ್ಮಂಥೋರು ಇಲ್ಲಿ ಕೂತಿರೋದಕ್ಕೇ!”

ಸಂಘಕ್ಕೆ ನಾನು ಮಾಡಿದ ಸೇವೆ ದೊಡ್ಡದು. ಗುಡಿಯಾಗಿನ ನೈವೇದ್ಯದ ಬಾಳೆಹಣ್ಣು ಹನ್ನೆರಡೂ ತಿಂದು, ನೋಡ್ರಪ್ಪಾ ಏನೂ ಆಗಲಿಲ್ಲ ಅಂತ ಊರ ಮುಂದೆ ಎದೆ ಉಬ್ಬಿಸಿ ನಿಂತೆ. ಅವತ್ತಿನಿಂದ ಎರಡು ದಿನ ಚೊಂಬು ಹಿಡ್ಕೊಂಡು ಓಡಿದ ದಾರಿ ಅಳೆದ್ರೆ ಬಳ್ಳಾರಿ ಮುಟ್ಟಿ ವಾಪಸ್ ಬರಬಹುದಿತ್ತು. ನಾಲ್ಕು ಜನ ಹೊಸದಾಗಿ ಹರಕೆ ಹೊತ್ಕೊಂಡ್ರು. ನಂಬಿಕೆ ಬೆಳೆಸೋಕೆ ನನ್ನಷ್ಟು ದುಡಿದೋನು ನಮ್ಮೂರ ಪೂಜಾರಿನೂ ಅಲ್ಲ.

ಆದ್ರೂ ನಂಗೆ ಆ ಮಗ್ಗದ ಮನೆ ಅಂದ್ರೆ ಪ್ರಾಣ. ಊರಾಗೆ ಎಲ್ಲರಿಗೂ ನಾನು ಕೋಡಂಗಿ. ಅಲ್ಲಿ ಮಾತ್ರ ನನ್ನ ಮಾತಿಗೆ ಯಾರೋ ಕಿವಿ ಕೊಡ್ತಿದ್ರು.

ಆರು ವರ್ಷದ ಹಿಂದೆ, ನಂಗೆ ಹತ್ತೊಂಬತ್ತು ಇದ್ದಾಗ, ಪಿಲೇಗು ಪಕ್ಕದೂರಿಗೆ ಬಂತು. ನಮ್ಮ ಗೌಡ್ರು ಹೊರಬೀಡು ಸಾರಿಸಿದ್ರು. ಹೊರಬೀಡು ಅಂದ್ರೆ ಹೊತ್ತು ಹುಟ್ಟೋ ಮುಂಚೆ ಊರಿಗೆ ಊರೇ ಖಾಲಿ ಮಾಡೋದು. ಒಲೆ ಆರಿಸಿ, ಬಾಗಿಲು ಬರೇ ಮುಂದಕ್ಕೆ ಎಳೆದು, ಹೊಸ್ತಿಲಿಗೆ ಬೂದಿ ಎರಚಿ, ದನ, ನಾಯಿ, ಕೋಳಿ ಎಲ್ಲ ಹೊಡ್ಕೊಂಡು ಹೊರಗಿನ ಬೇವಿನ ತೋಪಿಗೆ ಹೋಗೋದು. ಊರಬಾಗಿಲಿಗೆ ಜಾಲಿ ಮುಳ್ಳು ಎಳೆದ್ರೆ ಹೊತ್ತು ಮುಳುಗೋ ತನಕ ಒಂದು ನೊಣಾನೂ ಒಳಗಿರಬಾರದು. ಖಾಲಿ ಊರಾಗೆ ಊರದೇವತೆ ಅಮ್ಮ ಮನೆಮನೆ ತಿರುಗಿ ರೋಗ ಗುಡಿಸಿ ಹಾಕ್ತಾಳೆ, ಆಗ ಒಳಗೆ ಇದ್ದೋನು ಉಳಿಯಲ್ಲ ಅಂತ ನಂಬಿಕೆ. ಬೂದಿ ಮೇಲೆ ಅಮ್ಮನ ಹೆಜ್ಜೆ ಮೂಡೈತಾ ಅಂತ ಸಾಯಂಕಾಲ ಬಂದು ನೋಡ್ತಾರೆ.

“ಉಳಿಯಲ್ಲ ಅಂತಾರಲ್ಲ, ಉಳಿದು ತೋರಿಸೋಣ” ಅಂದ್ರು ಮೇಷ್ಟ್ರು. ಹೊತ್ತು ಮುಳುಗಿದ ಮೇಲೆ ಮೂವರೂ ಊರಬಾಗಿಲಿಗೆ ಹೋಗಿ, ಜನ ಬರೋವಾಗ ಎದುರಿಗೆ ನಿಂತು, ನಾವು ಒಳಗೇ ಇದ್ವಿ ಅಂತ ಹೇಳೋದು. ಒಬ್ಬನೇ ಹೇಳಿದ್ರೆ ಹುಚ್ಚ ಅಂತಾರೆ, ಒಬ್ಬನಿಗೆ ಬಹಿಷ್ಕಾರ ಹಾಕೋದೂ ಸುಲಭ. ಮೂವರಾದ್ರೆ ಕೇಳಲೇಬೇಕು.

ಇದಕ್ಕೊಂದು ಆಣೆ ಬೇಕಲ್ಲ? ಅಲ್ಲೇ ಸಿಕ್ಕಿಬಿದ್ವಿ ನೋಡ್ರಿ. ಯಾವ ದೇವ್ರ ಮೇಲೆ ಇಡೋದು? ಅವ್ವನ ಮೇಲೆ ಇಡೋಣ ಅಂದೆ. ಅವ್ವಂದಿರೆಲ್ಲ ದೇವ್ರ ಕಡೆಯೋರು ಅಂದ ಓಬಿ. ಇರೋ ದೇವ್ರನ್ನೆಲ್ಲ ಓಡಿಸಿ ಕೂತಿದ್ವಿ, ಬೇಕಾದಾಗ ಒಬ್ಬನೂ ಕೈಗೆ ಸಿಗಲಿಲ್ಲ. ಕೊನೆಗೆ ಮೇಷ್ಟ್ರು ನಶ್ಯ ಏರಿಸಿ, “ನಂಬಿಕೆ ಇಲ್ಲದೋರು ಒಬ್ಬರನ್ನೊಬ್ಬರು ನಂಬಬೇಕು ಅಬ್ಬಾಯಿ, ಅಷ್ಟೇ” ಅಂದ್ರು. ಆ ಮಾತಿಗೆ ನನ್ನ ಕಣ್ಣಾಗೆ ನೀರು ಬಂತು. ನಶ್ಯದ ಘಾಟು ಅಂತ ಹೇಳಿ ಒರೆಸ್ಕೊಂಡೆ.

ಹೊರಬೀಡಿನ ದಿನ ಚಳ್ಳಕೆರೆಗೆ ಹೋಗ್ತೀನಿ ಅಂತ ಅವ್ವಗೆ ಸುಳ್ಳು ಹೇಳಿ, ಆರು ಸಜ್ಜೆ ರೊಟ್ಟಿ ಕಟ್ಕೊಂಡು, ಕತ್ತಲಿರೋವಾಗಲೇ ಓಬಿ ಮನೆ ಹೊಕ್ಕೆ. ಮಗ್ಗದ ಕುಣಿಯಾಗೆ, ಅಂದ್ರೆ ನೇಯೋವಾಗ ಕಾಲು ಇಳಿಬಿಡೋ ಗುಂಡಿಯಾಗೆ, ಇಳಿದು ಮೇಲೆ ಕಂಬಳಿ ಎಳ್ಕೊಂಡೆ. ಜನದ ಜೊತೆ ಹೊರಟಂಗೆ ಮಾಡಿ ಅವರಿಬ್ಬರೂ ಅಲ್ಲಿಗೇ ವಾಪಸ್ ಬರಬೇಕಿತ್ತು. ಓಬಿ ಅವ್ವ ಬೂದಿ ಎರಚಿ ಹೋಗಿದ್ದು ಕೇಳಿಸ್ತು. ತಮಟೆ ಸದ್ದು ದೂರ ಹೋಯ್ತು. ಬೆಳಕಾಯ್ತು. ಇಬ್ಬರೂ ಬರಲಿಲ್ಲ.

ಕೋಳಿ ಕೂಗದ, ನಾಯಿ ಬೊಗಳದ, ಒಲೆ ಹೊಗೆ ಇಲ್ಲದ ಊರು ಹೆಂಗಿರ್ತೈತೆ ಅಂತ ನಿಮಗೆ ಗೊತ್ತಿಲ್ಲ. ನನ್ನ ಹೊಟ್ಟೆ ಗುಡುಗಿದ್ದು ಕೇಳಿ ನಾನೇ ಎರಡು ಸಲ ಎದ್ದು ಕೂತೆ. ಹೆದರಿಕೆಗಿಂತ ಹೆಚ್ಚಾಗಿ ಹೊಟ್ಟೆ ಉರೀತಿತ್ತು. ಬರಲ್ಲ, ಕೈಕೊಟ್ರು ಅನ್ನಿಸ್ತು.

ಹೊತ್ತು ನೆತ್ತಿಗೆ ಬಂದಿತ್ತು. ಬೀದಿಯಿಂದ, “ಲೇ, ಎದ್ದು ಬಾರೋ” ಅಂತ ಓಬಿ ದನಿ. ನಾನು ಕುಣಿಯಿಂದ ಜಿಗಿದು, ಕಂಬಳಿಗೆ ಕಾಲು ಸಿಕ್ಕಿ ಒಂದು ಸಲ ಬಿದ್ದು, ಎದ್ದು ಬಾಗಿಲು ತೆಗೆದೆ. ಮೊದಲ ಹೆಜ್ಜೇನೇ ಬೂದಿ ಮೇಲೆ. ಹೊರಗೆ ಸುಡು ಬಿಸಿಲಾಗೆ ಓಬಿ, ಮೇಷ್ಟ್ರು ಇಬ್ಬರೂ ನಿಂತಿದ್ರು. ತಪ್ಪಿಸ್ಕೊಂಡು ಬರೋದು ತಡ ಆಯ್ತು ಅಂದ್ರು. ನಂಗೆ ಎಷ್ಟು ಸಂತೋಷ ಆಯ್ತು ಅಂದ್ರೆ, ಮೇಷ್ಟ್ರ ಕಾಲಿಗೆ ಬಿದ್ದೆ. ನಾಸ್ತಿಕ ಅನ್ನೋದು ಮರೆತೇಹೋಗಿತ್ತು.

ಮೂವರೂ ಒಳಗೆ ಕೂತ್ವಿ. ರೊಟ್ಟಿ ಬಿಚ್ಚಿದೆ. ಅವತ್ತಿನಂಥ ಮಾತು ನಾವು ಯಾವತ್ತೂ ಆಡಿರಲಿಲ್ಲ. ಮೇಷ್ಟ್ರು ಅಂದಿದ್ದು ಇವತ್ತಿಗೂ ಕಿವಿಯಾಗೈತೆ. “ಊರು ಖಾಲಿ ಐತೆ. ಖಾಲಿ ಅಂದ್ರೆ ಖಾಲಿ. ಯಾರೂ ಇಲ್ಲದ ಕಡೆ ಯಾರೋ ಅವ್ರೆ ಅಂದ್ಕೊಳ್ಳೋದೇ ಭಯ. ಅದನ್ನ ತೆಗೆದು ಹಾಕಿದ್ರೆ ಉಳಿಯೋದು ನಾವು ಮೂವರೇ.” ನಾನು ಬಾಳೆಹಣ್ಣಿನ ಕಥೆ ಇನ್ನೊಂದು ಸಲ ಹೇಳಿದೆ. ಓಬಿ ನಕ್ಕ. ಹೊಟ್ಟೆ ಹಿಡ್ಕೊಂಡು ನಕ್ಕ. “ನಿನ್ನ ಬಿಟ್ಟು ನಾವು ಎಲ್ಲಿಗೂ ಹೋಗಲ್ಲ ಕಣಲೇ” ಅಂದ. ಹೊತ್ತು ಇಳಿಯೋ ತನಕ ಹಿಂಗೇ ನಡೀತು. ನನ್ನ ಜೀವನದಾಗೆ ಅದಕ್ಕಿಂತ ಒಳ್ಳೆ ಮಧ್ಯಾಹ್ನ ಇಲ್ಲ.

ಆಮೇಲೆ ನಾನು ಮಾಡಬಾರದ್ದು ಮಾಡಿದೆ. ಕುಣಿಯಾಗೆ ಇಳಿದು ಕಂಬಳಿ ಎಳ್ಕೊಂಡು ನಿದ್ದೆ ಹೋದೆ.

ಎಚ್ಚರ ಆಗಿದ್ದು ಹೆಂಗಸರ ಕೂಗಿಗೆ. ಊರು ವಾಪಸ್ ಬಂದಿತ್ತು, ನನ್ನ ಪಕ್ಕ ಯಾರೂ ಇರಲಿಲ್ಲ. ಓಬಿ ಮನೆ ಹೊಸ್ತಿಲಾಗೆ ಹೆಜ್ಜೆ ಮೂಡೈತೆ, ಅಮ್ಮ ಬಂದವ್ಳೆ ಅಂತ ಜನ ಅಡ್ಡಬೀಳ್ತಾ ಇದ್ರು. ನನ್ನ ಹೆಜ್ಜೆಗೆ ಕುಂಕುಮ ಇಟ್ಟಿದ್ರು, ಕಾಯಿನೂ ಒಡೆದಿದ್ರು. ನಾನು ಕಂಬಳಿ ಕೆಳಗೆ ಉಸಿರು ಬಿಗಿ ಹಿಡಿದು, ದೇವ್ರಾಗಿ ಮಲಗಿದ್ದೆ. ಆಗ ಒಬ್ಬಳು ಮುದುಕಿ, “ಅಮ್ಮಗೆ ನಾಲ್ಕೇ ಬೆರಳಾ?” ಅಂದ್ಲು. ಚಿಕ್ಕೋನಿದ್ದಾಗ ಸೌದೆ ಸೀಳೋಕೆ ಹೋಗಿ ಕಾಲಿನ ಕಿರುಬೆರಳು ಕಳ್ಕೊಂಡೋನು ಊರಿಗೆಲ್ಲ ನಾನೊಬ್ಬನೇ.

ಕುಣಿಯಿಂದ ಎಳೆದು ಚಾವಡಿಗೆ ತಂದ್ರು. ಗೌಡ್ರು, “ಯಾರ್ಯಾರಿದ್ರೋ ಒಳಗೆ?” ಅಂದ್ರು. ಇದೇ ಹೊತ್ತಿಗೆ ಅಲ್ವಾ ನಾವು ಕಾದಿದ್ದು? ಎದೆ ಉಬ್ಬಿಸಿ, “ಮೂವರಿದ್ವಿ. ನಾನು, ಮೇಷ್ಟ್ರು, ಓಬಿ. ಏನೂ ಆಗಲಿಲ್ಲ” ಅಂದೆ. ಅಂದು ಅವರ ಕಡೆ ತಿರುಗಿದೆ.

ಓಬಿ ತಲೆ ಮೇಲೆ ಸಿಂಬೆ ಇತ್ತು, ಹಣೆ ತುಂಬ ಕುಂಕುಮ. ಅಮ್ಮನ ಕುಂಭ ಹೊತ್ತೋನು ಅವನೇ. ಹೊತ್ತೋನು ಹೊತ್ತು ಮುಳುಗೋ ತನಕ ಕುಂಭದ ಪಕ್ಕದಿಂದ ಏಳಂಗಿಲ್ಲ. ಊರಿಗೆ ಊರೇ ಅವನನ್ನ ದಿನವಿಡೀ ನೋಡೈತೆ. ಮೇಷ್ಟ್ರು ಅದೇ ಕುಂಭದ ಮುಂದೆ ಕೂತು ಪುರಾಣ ಓದಿದ್ರಂತೆ, ಗಂಟಲು ಕಟ್ಟೋ ತನಕ.

“ಇವನಿಗೆ ಬಿಸಿಲು ಹತ್ತೈತೆ ಗೌಡ್ರೇ” ಅಂದ ಓಬಿ. ಮೇಷ್ಟ್ರು ನೆಲ ನೋಡಿದ್ರು. ಜನ ನಕ್ಕರು. ನಾನು ಎಷ್ಟೋ ಸಲ ಬೇಕಂತಲೇ ನಗಿಸಿದ್ದ ಜನ ಅದು. ಅವತ್ತು ಆ ನಗು ಮೈಗೆ ಚುಚ್ಚಿದಂಗಾಯ್ತು.

ಮೂರು ತಿಂಗಳು ನಂಗೆ ಬಾವಿ ಮುಟ್ಟಂಗಿಲ್ಲ ಅಂತ ತೀರ್ಮಾನ ಆಯ್ತು. ಅವ್ವ ದೂರದ ಹಳ್ಳದಿಂದ ನೀರು ಹೊತ್ತು ತಂದ್ಲು. ಒಂದು ದಿನ ಅವಳನ್ನ ಕೇಳಿದೆ. “ಮಧ್ಯಾಹ್ನ ಓಬಿ ಕಾಲಿಗೆ ನೀರು ಹಾಕಿದೋಳು ನಾನೇ ಕಣೋ. ಎಲ್ಲಿಗೂ ಎದ್ದು ಹೋಗಿಲ್ಲ ಅವನು” ಅಂದ್ಲು. ಅವ್ವ ಸುಳ್ಳು ಹೇಳೋಳಲ್ಲ. ಆದ್ರೆ ಮಗ ದೇವ್ರನ್ನ ನಂಬ್ತಾನೆ ಅಂದ್ರೆ ಅದೊಂದು ಸುಳ್ಳು ಹೇಳ್ತಿದ್ಲೇನೋ ಅಂತ ಅನ್ನಿಸ್ತೈತೆ. ಹೆತ್ತವ್ವನ ಮೇಲೂ ಹಿಂಗೆ ಅನುಮಾನ ಪಡಂಗಾಯ್ತಲ್ಲ, ಅದು ನಂಗೆ ಬಾವಿಗಿಂತ ದೊಡ್ಡ ಶಿಕ್ಷೆ.

ಮೇಷ್ಟ್ರ ಮನೆಗೆ ಹೋದೆ. ನಶ್ಯದ ಡಬ್ಬಿ ತೆಗೆದು ಮುಚ್ಚಿ, ತೆಗೆದು ಮುಚ್ಚಿ, “ಮಗಳಿಗೆ ಎರಡು ದಿನದಿಂದ ಜ್ವರ ಇತ್ತು ಅಬ್ಬಾಯಿ. ಹೆದರಿಬಿಟ್ಟೆ. ಮೋಸ ಮಾಡಿದೆ ಅನ್ನು, ಒಪ್ಕೊಂತೀನಿ. ಬಂದಿದ್ದೆ ಅಂತ ಮಾತ್ರ ಅನ್ನಬೇಡ. ನಾನು ಬರಲಿಲ್ಲ” ಅಂದ್ರು. ಆಗ ಹೊಳೀತು. ಆ ಮಧ್ಯಾಹ್ನ ಅವ್ರು ಒಂದು ಸಲಾನೂ ನಶ್ಯ ಏರಿಸಿರಲಿಲ್ಲ. ಒಂದು ಸಲಾನೂ ಅಬ್ಬಾಯಿ ಅಂದಿರಲಿಲ್ಲ.

ಓಬಿನ ಮಗ್ಗದ ಹತ್ರ ಹಿಡಿದೆ. “ಅಮ್ಮನಾಣೆ, ನಾನು ಬರಲಿಲ್ಲ ಕಣಲೇ” ಅಂದ. ಈ ಆಣೆ ಇಟ್ಕೊಂಡು ನಾನೇನು ಮಾಡಲಿ? ಅವನು ಅಮ್ಮನ್ನ ನಂಬಲ್ಲ ಅಂದ್ರೆ ಆಣೆಗೆ ಬೆಲೆ ಇಲ್ಲ. ನಂಬ್ತಾನೆ ಅಂದ್ರೆ ಅಷ್ಟು ವರ್ಷದ ಸಂಜೆ ಎಲ್ಲ ಸುಳ್ಳು. “ಎರಡರಾಗೆ ಯಾವುದು ನಿಜ, ಹೇಳೋ” ಅಂದೆ. ಅವನು ಗಂಜಿ ಬಳೀತಾ ಕೂತ.

ಇದನ್ನ ಎಲ್ಲಾ ಕಡೆಯಿಂದ ತಿರುವಿ ನೋಡಿದೀನಿ. ಬೂದಿ ಮೇಲೆ ನನ್ನ ಹೆಜ್ಜೆ ಬಿಟ್ರೆ ಬೇರೆ ಯಾರದೂ ಇರಲಿಲ್ಲ. ಆದ್ರೆ ಓಬಿ ಬುದ್ಧಿವಂತ, ದಾಟಿ ಬಂದಿರಬಹುದು. ಆರು ರೊಟ್ಟಿನೂ ಖಾಲಿ ಆಗಿತ್ತು. ಆದ್ರೆ ನಾನೊಬ್ಬನೇ ಆರು ರೊಟ್ಟಿ ತಿನ್ನೋ ಗಿರಾಕಿ, ಅದು ಸಾಕ್ಷಿಗೆ ನಿಲ್ಲಲ್ಲ. ಕನಸು ಅಂತೀರಾ? ಬಿದ್ದಾಗ ತರಚಿದ ಮೊಣಕಾಲಿಗೆ ಮಣ್ಣು ಮೆತ್ತಿದೋನು ಓಬಿ. ಎದ್ದಾಗಲೂ ಆ ಮಣ್ಣು ಅಲ್ಲೇ ಇತ್ತು. ಪಿಲೇಗು ನಮ್ಮೂರಿಗೆ ಬರಲಿಲ್ಲ. ಹೊರಬೀಡಿನಿಂದ ಅಂತಾರೆ ಊರೋರು. ಒಳಗೆ ನಾನಿದ್ದೂ ಬರಲಿಲ್ಲ ಅಲ್ವಾ, ನಮ್ಮ ಸಂಘಕ್ಕೆ ಇದಕ್ಕಿಂತ ದೊಡ್ಡ ವಾದ ಬೇಕಾ? ಆದ್ರೆ ಹೇಳೋಕೆ ಸಂಘವೇ ಇರಲಿಲ್ಲ.

ಬಂದಿದ್ರು ಅಂದ್ರೆ ನನ್ನ ಇಬ್ಬರು ಗೆಳೆಯರು, ನನ್ನ ಅವ್ವ, ಇಡೀ ಊರು ಸೇರಿ ನಂಗೆ ಸುಳ್ಳು ಹೇಳಿದ್ರು. ಬರಲಿಲ್ಲ ಅಂದ್ರೆ ಬರೇ ಮಾತು ತಪ್ಪಿದ್ರು, ಅಷ್ಟೇ, ಕ್ಷಮಿಸಬಹುದು. ಆದ್ರೆ ಆಗ ದೇವ್ರಿಲ್ಲ, ದೆವ್ವ ಇಲ್ಲ, ನಾವು ಮೂವರೇ ಅಂತ ನನ್ನ ಎದುರಿಗೆ ಕೂತು ಹೇಳಿದೋರು ಯಾರು?

ಮೇಷ್ಟ್ರಿಗೆ ಮೊಳಕಾಲ್ಮೂರಿಗೇ ವರ್ಗ ಆಯ್ತು. ಓಬಿ ಕಂಬಳಿ ಈಗಲೂ ನಾನೇ ಹೊರ್ತೀನಿ, ಉಣ್ಣೆ ಮಾತು ಬಿಟ್ರೆ ಬೇರೆ ಮಾತಿಲ್ಲ. ಹೋದ ವರ್ಷ ಮತ್ತೆ ಹೊರಬೀಡು ಆಯ್ತು. ಈ ಸಲ ನಾನೂ ಅವ್ವನ ಗಂಟು ಹೊತ್ಕೊಂಡು ಎಲ್ಲರ ಹಿಂದೆ ಹೋದೆ. ಊರಬಾಗಿಲಿಗೆ ಜಾಲಿ ಮುಳ್ಳು ಎಳೆಯೋವಾಗ ಕಾಲು ನಿಂತ್ವು. ಖಾಲಿ ಬೀದಿಯಾಗೆ ಓಬಿ ಮನೆ ಬಾಗಿಲು ಕಾಣ್ತಿತ್ತು, ಹೊಸ್ತಿಲಾಗೆ ಹೊಸ ಬೂದಿ. ನಾನು ಬರ್ತೀನಿ ಅಂತ ಅವತ್ತಿನ ಆ ಇಬ್ಬರು ಒಳಗೆ ಕಾಯ್ತಾ ಇದ್ರೆ ಅನ್ನಿಸ್ತು.

“ಏನು ನೋಡ್ತೀಯೋ?” ಅಂದ ಓಬಿ, ಕುಂಭ ಹೊತ್ಕೊಂಡು.

“ಏನಿಲ್ಲ, ನಡಿಯಲೇ” ಅಂದೆ. ಮುಳ್ಳಿನ ಇನ್ನೊಂದು ತುದಿ ನಾನೇ ಹಿಡಿದು ಎಳೆದೆ.