ತೊಡೆಯ ಮೇಲೆ ಸಾರು, ಕೆಳಗೆ ಸಾಹುಕಾರ

ದಾಕ್ಷಾಯಣಮ್ಮನ ಬಾಯಿಗೆ ಬಗ್ಗದ ಸದ್ದು ಅಂತ ಈ ಲೋಕದಲ್ಲಿ ಒಂದೂ ಇರಲಿಲ್ಲ. ಕುಕ್ಕರಿನ ಸೀಟಿ, ಮಿಕ್ಸಿಗೆ ಕೊಬ್ಬರಿ ಚೂರು ಸಿಕ್ಕಿಕೊಂಡಾಗಿನ ಗರ್ರು, ನಲ್ಲಿಯಲ್ಲಿ ನೀರಿಗಿಂತ ಮುಂಚೆ ಬರುವ ಬರೀ ಗಾಳಿಯ ಬುಸ್ಸು, ಏನು ಬೇಕಾದರೂ ಕೇಳಿ, ಅಲ್ಲೇ ನಿಂತು ಮಾಡಿ ತೋರಿಸುವವರು. ಒಂದು ಬೆಳಿಗ್ಗೆ ಸುಮ್ಮನೆ ತಮಾಷೆಗೆ ಕಸದ ಗಾಡಿಯ ಸೀಟಿ ಊದಿದ್ದಕ್ಕೆ, ವಿನೋಬನಗರದ ಎದುರುಮನೆಯ ಶಕುಂತಲಮ್ಮ ಎರಡು ಬಕೆಟ್ ಹಿಡಿದುಕೊಂಡು, ನೈಟಿಯ ಮೇಲೆ ಟವೆಲ್ ಹೊದ್ದು, ಬೀದಿಗೆ ಓಡಿ ಬಂದಿದ್ದರು. ಗಾಡಿಯೂ ಇಲ್ಲ ಗೀಡಿಯೂ ಇಲ್ಲ! ಅವತ್ತಿನಿಂದ ಇಬ್ಬರಿಗೂ ಗಳಸ್ಯ ಕಂಠಸ್ಯ.

ಆದರೆ ಮನುಷ್ಯರನ್ನು ಮಾತ್ರ ಅವರು ಅಣಕಿಸುತ್ತಿರಲಿಲ್ಲ. ಅದಕ್ಕೊಂದು ಕಾರಣವಿತ್ತು. ಮದುವೆಯಾಗಿ ಬಂದ ಹೊಸದರಲ್ಲಿ, ಬಾಯಿ ಸುಮ್ಮನಿರಲಾರದೆ, ಅಡುಗೆಮನೆಯಲ್ಲಿ ನಾದಿನಿಗೆ ಅತ್ತೆಯ ಸೀನನ್ನು ಸೀನಿ ತೋರಿಸಿದ್ದರು. ಅತ್ತೆಯ ಸೀನೆಂದರೆ ಸಾಮಾನ್ಯದ್ದಲ್ಲ. ಮೊದಲು ಒಂದು "ಹಾ...". ಆಮೇಲೆ ಕಣ್ಣು ಮುಚ್ಚಿ, ಕುತ್ತಿಗೆ ಹಿಂದಕ್ಕೆ ಹಾಕಿ, ಇನ್ನೊಂದು "ಹಾಆ...". ಮನೆಮಂದಿಯೆಲ್ಲ ಕೈಕೆಲಸ ಬಿಟ್ಟು ಕಾಯುತ್ತಿರುವಾಗ "ಹಾಆಚ್ಛೀ!", ಅದರ ಬೆನ್ನಿಗೇ "ಶಿವಶಿವಾ, ಯಾರೇ ಅದು ಒಗ್ಗರಣೆ ಹಾಕಿದ್ದು?". ನಾದಿನಿ ಬಿದ್ದು ಬಿದ್ದು ನಗುತ್ತಿದ್ದಳು. ತಿರುಗಿ ನೋಡಿದರೆ ಬಾಗಿಲಲ್ಲಿ ಅತ್ತೆ! ಅತ್ತೆಯ ಹಿಂದೆ ಗಂಡ! ಅತ್ತೆ ಸೆರಗು ಕೊಡವಿಕೊಂಡು ಹೊರಟುಹೋದರು. ಗಂಡ ಷಣ್ಮುಖಪ್ಪ ಮುಖ ಕೆಂಪಗೆ ಮಾಡಿಕೊಂಡು, ಹೆಗಲ ಮೇಲಿನ ಟವೆಲ್ ಎಳೆದುಕೊಂಡು, ದಡದಡ ಹಿತ್ತಲಿಗೆ ಹೋದವರು ಬಹಳ ಹೊತ್ತು ಒಳಗೇ ಬರಲಿಲ್ಲ. ಹೊಸ ಸೊಸೆಗೆ ಜೀವ ಬಾಯಿಗೆ ಬಂದಿತ್ತು. ಇನ್ನು ಈ ಜನ್ಮದಲ್ಲಿ ಯಾರನ್ನೂ ಅಣಕಿಸುವುದಿಲ್ಲ ಅಂತ ಅವತ್ತೇ ಮನಸ್ಸಿನಲ್ಲೇ ಕಿವಿ ಹಿಡಿದುಕೊಂಡರು. ಅತ್ತೆ ಹೋಗಿ ಎಷ್ಟೋ ವರ್ಷವಾದರೂ ಆ ಮಾತು ಮುರಿದಿರಲಿಲ್ಲ.

ಇನ್ನು ಗಾಡಿಯ ವಿಚಾರ. ಏಳು ಸೀಟಿನ, ಕಂದು ಬಣ್ಣದ ಹಳೇ ಎಸ್‌ಯುವಿ. ಹಿಂದಿನ ಸ್ಪ್ರಿಂಗುಗಳು ಕುಸಿದು, ದಿಂಬಿಗೆ ಒರಗಿ ಕುಂತ ಅಡಿಕೆ ಮಂಡಿಯ ಸಾಹುಕಾರನ ಹಾಗೆ ಹಿಂದಕ್ಕೆ ವಾಲಿರುತ್ತಿದ್ದುದರಿಂದ ಮನೆಯಲ್ಲಿ ಅದರ ಹೆಸರೇ ಸಾಹುಕಾರ. ಕೊಂಡವರು ಷಣ್ಮುಖಪ್ಪ ಮೇಷ್ಟ್ರು. ಹೈಸ್ಕೂಲಿನ ತುಂಟರನ್ನು ಕಣ್ಣಲ್ಲೇ ಕೂರಿಸಿದ ಮನುಷ್ಯ ಕ್ಲಚ್ಚಿಗೆ ಹೆದರಿಬಿಟ್ಟರು. ಮೊದಲ ವಾರವೇ ತಮ್ಮದೇ ಕಾಂಪೌಂಡಿಗೆ ಗುದ್ದಿ, ಕೀಲಿಕೈಯನ್ನು ಮೊಳೆಗೆ ನೇತುಹಾಕಿ ಕೈತೊಳೆದುಕೊಂಡರು. ಗಾಡಿ ಶೆಡ್ಡಿನಲ್ಲಿ ಧೂಳು ತಿನ್ನುವುದನ್ನು ನೋಡಲಾರದೆ, ಐವತ್ತು ದಾಟಿದ ದಾಕ್ಷಾಯಣಮ್ಮ ಹೋಗಿ ಡ್ರೈವಿಂಗ್ ಸ್ಕೂಲಿಗೆ ಸೇರಿದರು. ಲೈಸೆನ್ಸ್ ಕೈಗೆ ಬಂದ ದಿನ ಹೊಳಲೂರಿನವರೆಗೆ ಒಬ್ಬರೇ ಹೋಗಿ, ಒಂದು ಎಳನೀರು ಕುಡಿದು, ಒಬ್ಬರೇ ವಾಪಸ್ಸು ಬಂದರು. ಯಾರನ್ನೂ ಕೇಳದೆ ಒಂದು ಊರಿಗೆ ಹೋಗಿ ಬಂದದ್ದು ಅವರ ಆಯುಷ್ಯದಲ್ಲಿ ಅದೇ ಮೊದಲು. ದಾರಿಯುದ್ದಕ್ಕೂ ಒಬ್ಬರೇ ನಗುತ್ತಿದ್ದರು. ಆಮೇಲೆ ಕೇಳಬೇಕೆ! ಅಕ್ಕನ ಬಳಗ ಮಹಿಳಾ ಸಂಘದ ಹೆಂಗಸರನ್ನೆಲ್ಲ ತುಂಬಿಕೊಂಡು ಸೋಗಾನೆಯ ಏರ್‌ಪೋರ್ಟಿಗೆ ವಿಮಾನ ಇಳಿಯುವುದನ್ನು ನೋಡುವುದಕ್ಕೂ ಹೋದರು.

ಆದರೆ ಸಾಹುಕಾರನಿಗೂ ವಯಸ್ಸಾಯಿತು. ಸಣ್ಣ ಗುಂಡಿಗೆ ಕಟಕಟ, ಬ್ರೇಕ್ ಒತ್ತಿದರೆ ಕುಂಯ್ಯ್, ಹಂಪ್ ಬಂದರೆ ಧಡಾರ್, ಧಡಾರ್ ಆದ ಮೇಲೆ ಸ್ವಲ್ಪ ದೂರ ತೊಟ್ಟಿಲು. ಹೀಗಿರುವಾಗ ಆದದ್ದೇ ಸಾರಿನ ಅನಾಹುತ. ಮಗಳು ಅಮೂಲ್ಯ ಶಂಕರಘಟ್ಟದ ಯೂನಿವರ್ಸಿಟಿಯಲ್ಲಿ ಕೆಲಸ ಮಾಡುತ್ತ ಭದ್ರಾವತಿಯಲ್ಲಿ ಮನೆ ಮಾಡಿಕೊಂಡಿದ್ದಳು. ಅಮ್ಮನ ಕೈಯ ಹೋಳಿಗೆ ಸಾರು ಉಣ್ಣಬೇಕು ಅಂದಳು. ಡಬರಿಯ ತುಂಬ ಸಾರು ಮಾಡಿ, ಮೇಷ್ಟ್ರ ತೊಡೆಯ ಮೇಲಿಟ್ಟು ಹೊರಟರು. ಮಲವಗೊಪ್ಪದ ಹಂಪಿನಲ್ಲಿ ಸಾಹುಕಾರ ಮೂತಿ ನೆಲಕ್ಕೆ ತಾಗುವ ಹಾಗೆ ಮುಗ್ಗರಿಸಿ ಎದ್ದ. ಮುಚ್ಚಳ ಒಂದು ಕಡೆ, ಸಾರು ಒಂದು ಕಡೆ. ಸಾರು ಅಂದರೆ ಮೇಷ್ಟ್ರ ಬಿಳೀ ಪಂಚೆಯ ಕಡೆ.

"ಸಾಕು ಕಣೇ ಈ ಗಾಡಿ ಸಹವಾಸ!" ಮೇಷ್ಟ್ರು ಪಂಚೆ ಹಿಂಡುತ್ತ ಗುಡುಗಿದರು. "ಹೊಳಲೂರಿನ ಚಂದ್ರಶೇಖರಪ್ಪ ಕೇಳ್ತಾನೇ ಇದಾರೆ. ಸೋಮವಾರ ಬಂದು ತಗೊಂಡ್ ಹೋಗ್ಲಿ. ತೋಟಕ್ಕೆ ಗೊಬ್ಬರ ಹೊರಕ್ಕೆ ಆಗುತ್ತಂತೆ. ನಮಗೆ ಬಸ್ಸಿದೆ, ಆಟೋ ಇದೆ."

ಗೊಬ್ಬರ! ಗಾಡಿ ಹೋದರೆ ಮತ್ತೆ ಅದೇ ಹಳೇ ಬಾಳು. ಎಲ್ಲಿಗೆ ಹೋಗಬೇಕಾದರೂ ಇನ್ನೊಬ್ಬರ ಮುಖ ನೋಡುತ್ತ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಲ್ಲುವುದು. ಅಳು ಬರುವ ಬದಲು ದಾಕ್ಷಾಯಣಮ್ಮನಿಗೆ ರೋಷ ಬಂತು.

"ರೀ, ಒಂದೇ ಒಂದು ಅವಕಾಶ ಕೊಡಿ. ರಿಪೇರಿ ಮಾಡಿಸ್ತೀನಿ. ಭಾನುವಾರ ಅದೇ ಸಾರು, ಅದೇ ಡಬರಿ, ನಿಮ್ಮದೇ ತೊಡೆ. ಮುಚ್ಚಳನೂ ಬೇಡ. ಮಗಳ ಮನೆ ಬಾಗಿಲಿಗೆ ಹೋಗೋದ್ರೊಳಗೆ ಗಾಡಿ ಒಂದು ಹನಿ ಚೆಲ್ಲಿದ್ರೆ, ನಾನೇ ಕೀ ಕೊಟ್ಟು ಕಳಿಸ್ತೀನಿ."

"ಹೊಸ ಪಂಚೆ ಉಟ್ಕೊಂಡೇ ಬರ್ತೀನಿ," ಅಂದರು ಮೇಷ್ಟ್ರು. ಗೆಲ್ಲುವ ಭರವಸೆ ಅಷ್ಟಿತ್ತು.

ಮಾರನೇ ದಿನವೇ ದಾಕ್ಷಾಯಣಮ್ಮ ಭದ್ರಾವತಿಯ ಕಾಂತರಾಜನ ಗ್ಯಾರೇಜಿನಲ್ಲಿ ಹಾಜರ್. ಈ ಕಾಂತರಾಜನದ್ದೊಂದು ಪದ್ಧತಿ. ಬಂದವರು ಮೊದಲು ಸದ್ದನ್ನು ಬಾಯಲ್ಲಿ ಮಾಡಿ ತೋರಿಸಬೇಕು, ಆಮೇಲೇ ಅವನು ಜಾಕ್ ಮುಟ್ಟುವುದು. ಗಂಡಸರೆಲ್ಲ ನಾಚಿಕೊಂಡು "ಅದೇ ಅಣ್ಣಾ, ಒಂಥರಾ ಸೌಂಡು" ಅಂತ ತಲೆ ಕೆರೆದುಕೊಳ್ಳುವ ಜಾಗ ಅದು.

"ಹೇಳಿ ಅಕ್ಕಾ, ಏನ್ ಸೌಂಡು?"

ದಾಕ್ಷಾಯಣಮ್ಮ ಸೆರಗು ಸಿಕ್ಕಿಸಿಕೊಂಡು ಶುರು ಮಾಡಿದರು. ನಾಲಿಗೆಯನ್ನು ಅಂಗುಳಕ್ಕೆ ಬಡಿದು "ಕಟಕಟಕಟ".

"ಲಿಂಕ್ ರಾಡು!" ಅಂದ ಕಾಂತರಾಜ್.

"ಕುಂಯ್ಯ್ಯ್..."

"ಲೋಯರ್ ಆರ್ಮ್ ಬುಷ್ಷು. ರಬ್ಬರ್ ಹರಿದಿದೆ!"

"ಧಡಾರ್! ಉಯ್... ಉಯ್... ಉಯ್..." ಇದನ್ನು ಮಾಡುವಾಗ ಅವರು ಮೈಯನ್ನೂ ತೂಗಿದರು.

"ಶಾಕ್ ಅಬ್ಸಾರ್ಬರ್ ಸತ್ತೇ ಹೋಗಿದೆ ಅಕ್ಕಾ!" ಕಾಂತರಾಜ್ ಓಡಿಹೋಗಿ ಬಾನೆಟ್ ಅದುಮಿ ಬಿಟ್ಟ. ಗಾಡಿ ಅವರು ತೂಗಿದ ಹಾಗೇ ತೂಗಿತು. ಬಗ್ಗಿ ನೋಡಿದರೆ ಶಾಕ್ ಅಬ್ಸಾರ್ಬರಿನ ಮೈತುಂಬ ಎಣ್ಣೆ ಸೋರಿ, ಧೂಳು ಮೆತ್ತಿಕೊಂಡಿತ್ತು. ಪಕ್ಕದ ಟೀ ಅಂಗಡಿಯ ತಮಿಳಿನವರು ಲೋಟ ತೊಳೆಯುವುದನ್ನು ಬಿಟ್ಟು "ಅಡಡಾ!" ಅಂತ ಚಪ್ಪಾಳೆ ಹೊಡೆದರು. ಆ ಚಪ್ಪಾಳೆ ದಾಕ್ಷಾಯಣಮ್ಮನ ತಲೆಗೇರಿತು ನೋಡಿ. ಇನ್ನೊಂದು ಸದ್ದು ಬಿಟ್ಟರು, "ಕಿಟ್... ಕಿರ್ರ್... ಕಿಟಕ್."

ಕಾಂತರಾಜ್ ಕಣ್ಣು ಮುಚ್ಚಿದ. "ಬಾಲ್ ಜಾಯಿಂಟಾ? ಅಲ್ಲ. ಸ್ಟೇರಿಂಗ್ ರಾಡಾ? ಅದೂ ಅಲ್ಲ. ಇನ್ನೊಂದ್ಸಲ ಮಾಡಿ. ಯಾವಾಗ ಬರುತ್ತೆ ಇದು?"

"ಬೆಳಿಗ್ಗೆ ಏಳುವಾಗ. ನಮ್ಮ ಯಜಮಾನ್ರ ಮಂಡಿ ಅದು."

ಗ್ಯಾರೇಜಿಗೆ ಗ್ಯಾರೇಜೇ ಹೋ ಎಂದು ನಕ್ಕಿತು. ಮಂಡಿ ಮನುಷ್ಯನದ್ದಾದರೂ ಪೂರ್ತಿ ಮನುಷ್ಯ ಅಲ್ಲವಲ್ಲ ಅಂತ ದಾಕ್ಷಾಯಣಮ್ಮ ತಮಗೆ ತಾವೇ ಸಮಾಧಾನ ಹೇಳಿಕೊಂಡರು.

"ಶಾಕ್ ಅಬ್ಸಾರ್ಬರ್ ಜೋಡಿನೇ ಹಾಕ್ಬೇಕು ಅಕ್ಕಾ, ಒಂದೇ ಬದಲಾಯಿಸಿದ್ರೆ ಗಾಡಿ ಕುಂಟುತ್ತೆ," ಅಂದ ಕಾಂತರಾಜ್ ಮುಂದಿನ ಜೋಡಿ, ಹಿಂದಿನ ಸ್ಪ್ರಿಂಗು, ಬುಷ್ಷು, ಲಿಂಕ್ ರಾಡು ಎಲ್ಲ ಹೊಸದು ಹಾಕಿ ಶನಿವಾರ ಗಾಡಿ ಕೊಟ್ಟ. ಸಾಹುಕಾರ ದಿಂಬು ಬಿಟ್ಟು ನೆಟ್ಟಗೆ ಕುಂತಿದ್ದ.

ಭಾನುವಾರ ಬೆಳಿಗ್ಗೆ ಶಕುಂತಲಮ್ಮನೇ ಅಂಪೈರ್. ಕ್ರಿಕೆಟ್ ಮ್ಯಾಚು ಇದ್ದರೆ ಒಲೆ ಹಚ್ಚದ ಹೆಂಗಸು ಅವರು. ಮೇಷ್ಟ್ರು ಡಬರಿ ಕಂಠಮಟ್ಟ ತುಂಬಬೇಕು ಅಂದರು. "ಅದು ಅನ್ಯಾಯ ಮೇಷ್ಟ್ರೇ, ನಡ್ಕೊಂಡು ಹೋದ್ರೂ ಚೆಲ್ಲುತ್ತೆ," ಅಂತ ಶಕುಂತಲಮ್ಮ ಎರಡು ಬೆರಳು ಕಡಿಮೆ ಮಾಡಿಸಿ ಹಿಂದಿನ ಸೀಟಿನಲ್ಲಿ ಕುಂತರು. ಗಂಜಿ ಹಾಕಿದ ಹೊಸ ಪಂಚೆಯ ಮೇಲೆ ಮೇಷ್ಟ್ರು ಡಬರಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಸಾರಿನ ಬಿಸಿ ಹೋಗಿದ್ದರೂ ಮೆಣಸಿನ ಘಾಟು ಹೋಗಿರಲಿಲ್ಲ.

ಮಲವಗೊಪ್ಪದ ಹಂಪ್ ಬಂತು. ದಾಕ್ಷಾಯಣಮ್ಮ ಕ್ಲಚ್ ಒತ್ತಿ ಗೇರ್ ಇಳಿಸಿದರು. ಗಾಡಿ ಮೆಲ್ಲಗೆ ಹತ್ತಿತು, ಮೆಲ್ಲಗೆ ಇಳಿಯಿತು. ಸಾರು ಒಂಚೂರು ಆ ಕಡೆ ವಾಲಿ, ಒಂಚೂರು ಈ ಕಡೆ ವಾಲಿ ಸುಮ್ಮನಾಯಿತು. ಒಂದು ಕಟಕಟವಿಲ್ಲ, ಒಂದು ಕುಂಯ್ ಇಲ್ಲ. ನಿದಿಗೆ ದಾಟಿತು, ಮಾಚೇನಹಳ್ಳಿ ದಾಟಿತು. ಪಂಚೆ ಬೆಳ್ಳಗೇ ಇತ್ತು. ಮೇಷ್ಟ್ರ ಮುಖ ಮಾತ್ರ ಕಪ್ಪಗಾಗುತ್ತ ಬಂತು.

"ಏನ್ ಮಾರಾಯ್ತಿ, ತೇಲ್ಕೊಂಡು ಹೋಗ್ತಾ ಇದೆಯಲ್ಲೇ!" ಅಂದರು ಶಕುಂತಲಮ್ಮ.

ದಾಕ್ಷಾಯಣಮ್ಮನಿಗೆ ಖುಷಿ ತಡೆಯಲಾಗಲಿಲ್ಲ. ಮುಂದಿನ ಹಂಪಿನ ಮೇಲೆ ಗಾಡಿ ಸದ್ದಿಲ್ಲದೆ ಹತ್ತುವಾಗ ತಾವೇ ಬಾಯಲ್ಲಿ "ಧಡಾರ್!" ಅಂದರು. ಮೇಷ್ಟ್ರು ಬೆಚ್ಚಿಬಿದ್ದು ಡಬರಿ ತಬ್ಬಿಕೊಂಡರು. ಶಕುಂತಲಮ್ಮ ಹಿಂದೆ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಏ, ರಸ್ತೆ ನೋಡ್ಕೊಂಡು ಓಡ್ಸೇ!"

ಭದ್ರಾವತಿ ಬಂತು. ಸೇತುವೆ ದಾಟಿದರೆ ಮಗಳ ಮನೆ. ಅಷ್ಟರಲ್ಲಿ ಮೆಣಸಿನ ಘಾಟು ಮೇಷ್ಟ್ರ ಮೂಗಿಗೆ ಹೊಕ್ಕಿತು. "ಹಾ...". ಎರಡೂ ಕೈ ಡಬರಿಯಲ್ಲಿ. ಮೂಗು ಹಿಡಿದುಕೊಳ್ಳುವ ಹಾಗಿಲ್ಲ. ಕಣ್ಣು ಮುಚ್ಚಿತು, ಕುತ್ತಿಗೆ ಹಿಂದಕ್ಕೆ ಹೋಯಿತು, "ಹಾಆ...". ಥೇಟ್ ಅವರವ್ವನದ್ದೇ ವರಸೆ! ದಾಕ್ಷಾಯಣಮ್ಮ ಗಾಡಿಯನ್ನು ಮೆಲ್ಲಗೆ ಪಕ್ಕಕ್ಕೆ ತಂದು ನಿಲ್ಲಿಸಿದರು. ಮೂವರೂ ಕಾದರು. ಸೀನು ಬರಲಿಲ್ಲ. ಮೇಷ್ಟ್ರು ಮೆತ್ತಗೆ ಕಣ್ಣು ಬಿಟ್ಟರು. ಸಾರು ಅಲ್ಲಾಡಿರಲಿಲ್ಲ.

ಬರಬೇಕಾದ ಸೀನು ಬರದೆ ನಿಂತರೆ ದಾಕ್ಷಾಯಣಮ್ಮನಂಥವರ ಗತಿ ಏನು ಹೇಳಿ? ಗಂಟಲಿನಲ್ಲಿ ಎಷ್ಟೋ ವರ್ಷದಿಂದ ಕುಂತಿದ್ದದ್ದು ತಾನಾಗಿಯೇ ಹೊರಟುಬಿಟ್ಟಿತು. "ಹಾಆಚ್ಛೀ! ಶಿವಶಿವಾ, ಯಾರೇ ಅದು ಒಗ್ಗರಣೆ ಹಾಕಿದ್ದು?"

ಅತ್ತೆಯೇ ಬಂದು ಗೇರಿನ ಹತ್ತಿರ ಕುಂತ ಹಾಗಿತ್ತು. ದಾಕ್ಷಾಯಣಮ್ಮ ಬಾಯಿ ಮುಚ್ಚಿಕೊಂಡರು. ಅಯ್ಯೋ, ಕೆಟ್ಟೆ! ಇನ್ನೇನು ಗೆದ್ದೇಬಿಟ್ಟೆ ಅನ್ನುವಾಗ ಇದೇನು ಮಾಡಿಕೊಂಡೆ! ಮೇಷ್ಟ್ರ ಮುಖ ಕೆಂಪಗಾಯಿತು, ಥೇಟ್ ಅವತ್ತಿನ ಹಾಗೆಯೇ. ತುಟಿ ಬಿಗಿಯಿತು. ಹೊಟ್ಟೆ ಒಮ್ಮೆ ಕುಲುಕಿತು. ಡಬರಿ ಕುಲುಕಿತು. ಆಮೇಲೆ ಮೇಷ್ಟ್ರು ಸಿಡಿದರು. ಅಂಥಾ ನಗುವನ್ನು ಆ ಮನುಷ್ಯನ ಬಾಯಲ್ಲಿ ಯಾರೂ ಕೇಳಿರಲಿಲ್ಲ. ಸಾರೆಲ್ಲ ಪಂಚೆಯ ಮೇಲೆ, ಸೀಟಿನ ಮೇಲೆ, ಚಪ್ಪಲಿಯೊಳಗೆ. ಅವರು ಇನ್ನೂ ನಗುತ್ತಲೇ ಇದ್ದರು.

"ಚೆಲ್ಲಿತು," ಅಂದರು ದಾಕ್ಷಾಯಣಮ್ಮ. ಅವರ ಕಣ್ಣು ತುಂಬಿತ್ತು.

"ತಡಿಯೇ!" ಶಕುಂತಲಮ್ಮ ಹಿಂದಿನಿಂದ ಕೈ ಎತ್ತಿದರು. "ಗಾಡಿ ಚೆಲ್ಲಿದ್ರೆ ತಾನೇ ಲೆಕ್ಕ? ಗಾಡಿ ನಿಂತಿತ್ತು. ಇದು ಹಿಟ್ ವಿಕೆಟ್! ಮೇಷ್ಟ್ರು ಔಟು!"

ಮೇಷ್ಟ್ರು ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಳ್ಳಲು ಹೋಗಿ ಮುಖಕ್ಕೂ ಸಾರು ಮಾಡಿಕೊಂಡರು. "ಔಟೇ, ಒಪ್ಕೊಂಡೆ. ಅವತ್ತೂ ಔಟೇ ಕಣೇ ದಾಕ್ಷಾ. ಹಿತ್ತಲಿಗೆ ಯಾಕೆ ಹೋಗಿದ್ದೆ ಅಂದ್ಕೊಂಡೆ? ಟವೆಲ್ ಬಾಯಿಗೆ ತುರುಕ್ಕೊಂಡು ನಗ್ತಾ ಇದ್ದೆ. ನಿಲ್ಲಿಸಕ್ಕೇ ಆಗ್ತಿರ್ಲಿಲ್ಲ."

"ಕೋಪ ಬಂದಿರ್ಲಿಲ್ವಾ?"

"ಅವ್ವನ ಮುಂದೆ ನಗಕ್ಕಾಗುತ್ತೇನೇ?"

"ಹಾಳಾದೋರೇ!" ದಾಕ್ಷಾಯಣಮ್ಮ ಅಳುತ್ತಿದ್ದರೋ ನಗುತ್ತಿದ್ದರೋ ಅವರಿಗೇ ಗೊತ್ತಾಗಲಿಲ್ಲ. "ಇಷ್ಟು ವರ್ಷ ಒಂದು ಮಾತು ಹೇಳಕ್ಕೆ ಏನಾಗಿತ್ತು ನಿಮಗೆ?"

"ನೀನು ಮತ್ತೆ ಮಾಡ್ತೀಯ ಅಂತ ಕಾಯ್ತಾ ಇದ್ದೆ," ಅಂದರು ಮೇಷ್ಟ್ರು. "ನೀನು ಮಾಡ್ಲೇ ಇಲ್ಲ."

ಶಕುಂತಲಮ್ಮ ಹಿಂದಿನ ಸೀಟಿನಲ್ಲಿ ಮೂಗು ಒರೆಸಿಕೊಂಡರು. ಮೇಷ್ಟ್ರು ಬೆರಳಿಗೆ ಮೆತ್ತಿದ ಕರಿಬೇವು ತೆಗೆದು, ಜೇಬಿನಿಂದ ಫೋನ್ ಹೊರಗೆಳೆದು, ಹೊಳಲೂರಿಗೆ ಹಚ್ಚಿದರು.

"ಚಂದ್ರಶೇಖರಪ್ನೋರೇ, ನಾಳೆ ಬರ್ಬೇಡಿ. ಗಾಡಿ ಕೊಡಲ್ಲ... ಇಲ್ಲ ಇಲ್ಲ, ರೇಟಿನ ಮಾತಲ್ಲ. ನಮ್ಮವ್ವ ಬೇಡ ಅಂತಿದಾಳೆ."

"ಏನ್ ಮೇಷ್ಟ್ರೇ, ನಿಮ್ಮವ್ವ ಹೋಗಿ ಎಷ್ಟು ವರ್ಷ ಆಯ್ತು!" ಫೋನಿನೊಳಗಿನ ದನಿ ಗಾಡಿಯ ತುಂಬ ಕೇಳಿಸಿತು.

"ನಂಬಲ್ವಾ? ತಡೀರಿ, ಅವಳ ಕೈಗೇ ಕೊಡ್ತೀನಿ."

ಮೇಷ್ಟ್ರು ಸಾರು ತೊಟ್ಟಿಕ್ಕುವ ಕೈಯಿಂದ ಫೋನನ್ನು ಹೆಂಡತಿಯ ಕಡೆ ಚಾಚಿದರು. ದಾಕ್ಷಾಯಣಮ್ಮ ಫೋನನ್ನು ಬಾಯಿಯ ಹತ್ತಿರ ಹಿಡಿದರು. ಆಮೇಲೆ ಕಣ್ಣು ಮುಚ್ಚಿ, ಕುತ್ತಿಗೆ ಹಿಂದಕ್ಕೆ ಹಾಕಿ, "ಹಾ..." ಅಂತ ಶುರು ಮಾಡಿದರು.