ಬಾಲ ಸೇರಿಸಿ ಹೇಳು

ನರೀನ್ ಕಣಿವೆಯಲ್ಲಿ ಕಿರ್ಗಿಜ್ ವ್ಯಾಕರಣ ಕಲಿಸುವ ಜೂರಾ ಟೀಚರಿಗೆ ಪದದ ಬಾಲವೇ, ಅಂದರೆ ಕೊನೆಗೆ ಅಂಟುವ ಪ್ರತ್ಯಯವೇ, ಪ್ರಾಣ. ಕುದುರೆ ಯಾರದು, ಮನೆ ಯಾರದು, ಎಲ್ಲಿಂದ, ಎಲ್ಲಿಗೆ, ಎಲ್ಲವನ್ನೂ ಆ ಬಾಲವೇ ಹೇಳಬೇಕು. ಅದನ್ನು ನುಂಗಿದವನು ಸಂತೆಯ ಕುರಿ ವ್ಯಾಪಾರಿಯಾದರೂ ಬಿಡುವವರಲ್ಲ. “ಯಾರ ಕುರಿಯಯ್ಯಾ? ಬಾಲ ಸೇರಿಸಿ ಹೇಳು!” “ಕುರಿಗೇ ಇಷ್ಟು ದಪ್ಪ ಬಾಲ ಇದೆಯಲ್ಲಕ್ಕಾ, ಇನ್ನೊಂದ್ಯಾಕೆ?” ಎಂದು ಅವನು ನಗುತ್ತಾನೆ. ತರಗತಿಯಲ್ಲಿ ‘ನನ್ನ’, ‘ನಿನ್ನ’, ‘ಅವಳ’ ಎಂದು ತಾವೇ ಮೊದಲು ಕೂಗಿ ಮಕ್ಕಳಿಂದ ಕೂಗಿಸುತ್ತಾರೆ. ‘ಮಗಳು’ ಎಂಬ ಪದ ಬಂದ ದಿನ ಮಾತ್ರ ಬೋರ್ಡಿನತ್ತ ತಿರುಗಿ, “ನೀವೇ ಹೇಳ್ರೋ” ಅನ್ನುತ್ತಾರೆ. ಅಲ್ಲಿನ ರೂಢಿಯಂತೆ ಸೊಸೆ ಚೊಚ್ಚಲ ಕೂಸನ್ನು ಅತ್ತೆಯ ಮಗುವಾಗಿ ಬೆಳೆಯಲೆಂದು ಅವಳ ಮಡಿಲಿಗೆ ಕೊಡಬೇಕಲ್ಲ, ಟೀಚರೂ ಕೊಟ್ಟರು. ಅಜ್ಜಿಯನ್ನೇ ಅಮ್ಮ ಅನ್ನುವ ಆ ಕೂಸು ಅಯ್ಪೇರಿಗೆ ಹೆತ್ತಪ್ಪ ಅಣ್ಣ, ಹೆತ್ತವಳು ಅತ್ತಿಗೆ. ಗಂಟೆ ಹೊಡೆದೊಡನೆ ಮುಂದಿನ ಬೆಂಚಿನಿಂದ ಓಡಿಬರುತ್ತಾಳೆ: “ಅತ್ತಿಗೇ, ಬೇಗ, ಅಮ್ಮ ಕಾಯ್ತಿರ್ತಾಳೆ!” ಊರವರ ಮಾತನ್ನೆಲ್ಲ ತಿದ್ದುವ ಜೂರಾ ಟೀಚರು ಏನನ್ನೂ ತಿದ್ದದೆ ಅವಳ ಟೋಪಿಯ ದಾರ ಕಟ್ಟುತ್ತಾರೆ.